ಅಮ್ಮನ ಕುಂಡದ ಮಣ್ಣು

14 ಅಕ್ಟೋಬರ್, ಭಾನುವಾರ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ನಿನ್ನ ಭಾವ ಚೆನ್ನಾಗಿದ್ದಾರೆ. ನನ್ನ ಸಮಾಚಾರ ಮುಂದೆ ಓದು. ನಿನ್ನ ಪತ್ರ ಬಂದು ತಿಂಗಳಾಯಿತು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆಯಲು ಕೂರುತ್ತಿದ್ದೆ, ಏಳುತ್ತಿದ್ದೆ. ನಿನಗೆ ಬರೆಯಲು ಮುಖವಿರಲಿಲ್ಲ.

ಅಮ್ಮನ ಬಿಗೋನಿಯಾ ನಿನ್ನ ಮನೆಯಲ್ಲಿ ಒಣಗಿತು ಎಂದು ನೀನು ತಿಳಿಸಿದಾಗ ನಿನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದೆನಲ್ಲ, ಈಗ ಕೇಳು. ಇಲ್ಲಿ ನಾನು ಇಟ್ಟುಕೊಂಡಿದ್ದ ಅರ್ಧವೂ ಹೋಯಿತು.

ಮೊದಲು ಎಲೆಗಳ ಅಂಚು ಅಲ್ಲಲ್ಲಿ ಕಚ್ಚಿದ ಹಾಗೆ ಕಂಡಿತು. ಬಸವನಹುಳು ಇರಬೇಕು ಅಂದುಕೊಂಡೆ. ಪಕ್ಕದ ಮನೆಯ ಟೈಲರ್ ಮಗಳ ಕತ್ತರಿಯ ಮೇಲೂ ಅನುಮಾನ ಬಂದು, ಅವಳನ್ನು ಕರೆದು ಕೇಳಿಯೂಬಿಟ್ಟೆ. ನಿನ್ನ ಅಕ್ಕನ ನಾಲಿಗೆ ನಿನಗೆ ಗೊತ್ತಿಲ್ಲದ್ದೇ? ಆಮೇಲೆ ಒಂದು ಬೆಳಗ್ಗೆ ಗಿಡ ಜೋತುಬಿತ್ತು. ಬಾಯಾರಿರಬೇಕು ಎಂದು ನೀರು ಹುಯ್ದೆ. ಮಾರನೆಯ ದಿನ ನೆಟ್ಟಗೆ ನಿಲ್ಲಿಸಲು ಹೋದರೆ ಗಿಡವೇ ಕೈಗೆ ಬಂತು. ಬೇರು ಒಂದೂ ಇಲ್ಲ, ಪುಟ್ಟಿ. ಹಳೆಯ ಪೇಪರಿನ ಮೇಲೆ ಕುಂಡ ಬೋರಲು ಹಾಕಿದೆ. ಮಣ್ಣಿನ ತುಂಬ ಬಿಳಿ ಮರಿಹುಳುಗಳು. ಕಂದು ತಲೆ, ಅನ್ನದ ಅಗುಳು ಬಗ್ಗಿಸಿಟ್ಟ ಹಾಗೆ ಮುದುರಿಕೊಂಡಿದ್ದವು.

ನಿನ್ನ ಭಾವ ಲೈಬ್ರರಿಯಿಂದ ಗಿಡಗಳ ಪುಸ್ತಕ ತಂದು ಹುಡುಕಿದರು. ಮೂತಿಹುಳುವಂತೆ. ಮರಿಯಿದ್ದಾಗ ಬೇರು ತಿನ್ನುತ್ತದೆ, ದೊಡ್ಡದಾದ ಮೇಲೆ ಎಲೆಯ ಅಂಚು. ಮುಸ್ಸಂಜೆಗೆ ಉಳಿದ ಗಿಡಗಳ ಕೆಳಗೆ ಬಿಳಿ ಬಟ್ಟೆ ಹಾಸಿ ಅಲುಗಿಸಿದರೆ ಕಪ್ಪು ಹುಳುಗಳು ಪಟಪಟ ಉದುರಿದವು. ಬಿದ್ದವು ಸತ್ತ ಹಾಗೆ ನಾಟಕ ಆಡುತ್ತವೆ, ಕಳ್ಳಮುಂಡೇವು. ನಿನ್ನ ಭಾವ ಒಂದನ್ನು ಅಂಗೈಯಲ್ಲಿಟ್ಟುಕೊಂಡು, "ಇವಕ್ಕೆ ಹಾರೋಕೆ ಬರಲ್ಲ ಕಣೇ. ದೂರದ ಮನೆಗೆ ಹೋಗ್ಬೇಕಂದ್ರೆ ಯಾರಾದ್ರೂ ಕುಂಡದ ಜೊತೆ ಕಳಿಸ್ಬೇಕು" ಎಂದರು. ಆಮೇಲೆ ನನ್ನ ಮುಖ ನೋಡಿ ಆ ಹುಳುವನ್ನು ಸೋಪಿನ ನೀರಿಗೆ ಹಾಕಿದರು.

ಕಳಿಸಿದವಳು ನಾನೇ. ಅಮ್ಮ ಹೋದ ಮೇಲೆ ಹಿರಿಯವಳೆಂಬ ಜೋರಿನಲ್ಲಿ ನಿನ್ನ ಜಗಲಿಯಿಂದ ಆ ಕುಂಡ ಎತ್ತಿಕೊಂಡು ಬಂದೆ, ಹುಳು ಹಿಡಿದದ್ದು ತಿಳಿಯದೆ ನನ್ನ ಗಿಡಗಳ ನಡುವೆ ಇಟ್ಟೆ, ವರ್ಷದ ಮೇಲೆ ಅರ್ಧ ಪಾಲು ಮಾಡಿ ನಿನಗೆ ಕಳಿಸಿದೆ. ಅಮ್ಮ ಮುಟ್ಟಿದ ಮಣ್ಣು, ಒಂದು ಚೂರೂ ಬದಲಾಯಿಸಕೂಡದು ಎಂದು ಕಟ್ಟಪ್ಪಣೆ ಬೇರೆ. ಗಿಡ ಸೊರಗಿದಾಗ, ಕಿತ್ತು ಬೇರು ನೋಡಲೇ ಎಂದು ನೀನು ಕೇಳಿದ್ದೆ. ಬೇಡವೇ ಬೇಡ ಎಂದವಳೂ ನಾನೇ. ನೀನು ನಾನು ಹೇಳಿದ ಹಾಗೇ ಕೇಳಿದೆ, ಗಿಡ ಸತ್ತಿತು. ನಾಚಿಕೆಯಿಂದ ಕುಗ್ಗಿಹೋಗಿದ್ದೇನೆ.

ಹಳೆಯ ಮಣ್ಣನ್ನೆಲ್ಲ ಚೀಲ ಕಟ್ಟಿ ಎಸೆದಾಯಿತು. ಕುಂಡಗಳನ್ನು ಬಿಸಿನೀರಿನಲ್ಲಿ ಉಜ್ಜಿ, ಹುಳು ಹತ್ತದ ಹಾಗೆ ಸುತ್ತ ಅಂಟುಪಟ್ಟಿ ಹಾಕಿದೆವು. ಕಣ್ಣಿಗೆ ಕಾಣದಷ್ಟು ಸಣ್ಣ ಇನ್ನೊಂದು ಹುಳು ಗಿಡದ ಅಂಗಡಿಯಲ್ಲಿ ಸಿಗುತ್ತದೆ, ನೀರಿನಲ್ಲಿ ಕಲಸಿ ಹುಯ್ದರೆ ಮಣ್ಣಿನೊಳಗೆ ಈ ಮರಿಗಳನ್ನು ಹುಡುಕಿ ಕೊಲ್ಲುತ್ತದೆ. ಅದನ್ನೂ ಹುಯ್ದಿದ್ದೇವೆ. ನಿನ್ನ ಬೇರೆ ಕುಂಡಗಳನ್ನೂ ಒಮ್ಮೆ ನೋಡು. ಟೈಲರ್ ಮಗಳ ಹತ್ತಿರ ತಪ್ಪಾಯಿತು ಎಂದು ಹೇಳಿ ಬಂದೆ. ಅವಳು ನಕ್ಕಳು.

ಬೇರು ಹೋದ ಕಾಂಡವನ್ನು ಲೋಟದ ನೀರಿನಲ್ಲಿ ಇಟ್ಟಿದ್ದೆ. ಎಳೆ ಬೇರು ಬಂದಿದೆ. ಒದ್ದೆ ಬಟ್ಟೆ ಸುತ್ತಿ ಕಳಿಸುತ್ತಿದ್ದೇನೆ, ಮಣ್ಣಿಲ್ಲದೆ. ನಿನ್ನ ಮಣ್ಣಿನಲ್ಲೇ ನೆಡು, ನಿನಗೆ ತೋಚಿದ ಹಾಗೆ.

ನೀನು, ಮನೆಯವರು, ಮಕ್ಕಳು ಎಲ್ಲರೂ ತಣ್ಣಗಿರಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯುವ ಧೈರ್ಯ ಬರಲಿಲ್ಲ. ಹೋದ ಪತ್ರದಲ್ಲಿ "ಅಮ್ಮನನ್ನೂ ಹೀಗೇ ನೋಡಿಕೊಂಡೆಯೇನೋ" ಎಂದು ಬರೆದಿದ್ದೆ. ನಾನು ನಿನ್ನ ಮನೆಗೆ ಬಂದಾಗಲೆಲ್ಲ, ಮಲಗಿದಲ್ಲೇ ಇದ್ದ ಅಮ್ಮನ ಉಗುರು ಕತ್ತರಿಸಿರುತ್ತಿತ್ತು, ಜಡೆ ಹೆಣೆದಿರುತ್ತಿತ್ತು, ಹಾಸಿಗೆ ಒಣಗಿರುತ್ತಿತ್ತು. ಎಲ್ಲ ನೋಡಿಯೂ ಹಾಗೆ ಬರೆದೆ. ನೀನು ಜಗಳವಾಡುತ್ತೀಯ ಅಂದುಕೊಂಡಿದ್ದೆ. "ನನ್ನ ಕೈಯೇ ಸರಿಯಿಲ್ಲ ಅಕ್ಕ" ಎಂದು ಉತ್ತರ ಬಂತು. ನಾನಂದದ್ದನ್ನು ನಂಬಿಯೇಬಿಟ್ಟೆಯಲ್ಲೇ, ಪುಟ್ಟಿ.