ಇನ್ನೊಬ್ಬ ನರ್ಸಬಾಯಿಯನ್ನು ಕೇಳಿದ್ದಕ್ಕೆ ಇದ್ದವಳನ್ನೂ ತೆಗೆದಿರಾ?

ದವಾಖಾನೆಗಳ ಮೇಲಧಿಕಾರಿಗಳಾದ ಮಾನ್ಯರೇ,

ನಮ್ಮ ದವಾಖಾನೆಗೆ ಇನ್ನೊಬ್ಬ ನರ್ಸಬಾಯಿಯನ್ನು ಕಳಿಸಿಕೊಡಿರೆಂದು ನಾನು ಅರ್ಜಿ ಬರೆದಿದ್ದೆ. ತಾವು ಅದನ್ನು ಓದಿ, ಇದ್ದ ಒಬ್ಬಳನ್ನೂ ಕೆಲಸದಿಂದ ತೆಗೆದಿರಿ. ಸರ್ಕಾರ ಇಷ್ಟು ಬೇಗ ಅರ್ಜಿಗೆ ಓಗೊಟ್ಟದ್ದನ್ನು ಸೇಡಂ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಈ ಬೇಸಿಗೆಯಲ್ಲಿ ವಾಂತಿಭೇದಿ ಹಬ್ಬಿದಾಗ ನನ್ನ ಹೆಂಡತಿ ಸುಮಿತ್ರಾಬಾಯಿಯೂ ದವಾಖಾನೆ ಸೇರಿದಳು. ಡಾಕ್ಟರ್ ಸಾಹೇಬರನ್ನು ತಾವು ಚಿಂಚೋಳಿಯ ಕಡೆಗೆ ಕಳಿಸಿದ್ದಿರಿ. ಹಾಸಿಗೆಗಳು ತುಂಬಿ, ಕುಂಚಾವರಂ ಕಡೆಯಿಂದ ಗಾಡಿಗಳಲ್ಲಿ ಬಂದವರು ಪಡಸಾಲೆಯಲ್ಲಿ ಮಲಗಿದ್ದರು. ಅಷ್ಟೂ ಜನಕ್ಕೆ ನರ್ಸಬಾಯಿ ಜೈತುನ್‌ಬೀ ಒಬ್ಬಳೇ. ಔಷಧ ಕುಡಿಸುವವಳು, ಹೊಲಸು ತೆಗೆಯುವವಳು, ಅಳುವವರನ್ನು ಗದರುವವಳು ಆಕೆಯೇ. ಮಡಿಯ ಮನೆಯ ನನ್ನ ಹೆಂಡತಿ ಆಕೆಯ ಕೈನೀರು ಬೇಡವೆಂದು ಬಾಯಿ ಬಿಗಿದಾಗ, "ಅವ್ವಾರ, ಮೊದಲ ಜೀವ ಉಳಿಸ್ಕೋರಿ. ಆಮ್ಯಾಲ ಬೇಕಾದ್ರ ಹತ್ತ ಸಲ ಜಳಕ ಮಾಡ್ರಿ" ಎಂದಳು. ಹೆಂಡತಿ ನಕ್ಕು ಕುಡಿದಳು, ಬದುಕಿದಳು.

ಒಂದು ಮಧ್ಯಾಹ್ನ ಆಕೆ ಚಮಚ ಹಿಡಿದುಕೊಂಡೇ ಗೋಡೆಗೆ ಒರಗಿ ತೂಕಡಿಸಿದ್ದನ್ನು ನೋಡಿದೆ. ಅದನ್ನೇ ಅರ್ಜಿಯಲ್ಲಿ ಬರೆದೆ. ಇಂಥ ಹೆಂಗಸು ಕೂತಲ್ಲೇ ನಿದ್ದೆ ಹೋಗುವಷ್ಟು ದಣಿದರೆ ರೋಗಿಗಳ ಗತಿಯೇನು ಎಂದು ಕೇಳಿದೆ. ತಾವು ದಣಿವನ್ನು ಬಿಟ್ಟು ನಿದ್ದೆಯನ್ನಷ್ಟೇ ಆರಿಸಿಕೊಂಡಿರಿ. ಕೆಲಸದ ಹೊತ್ತಿನಲ್ಲಿ ನಿದ್ರಿಸಿದ ಅಪರಾಧಕ್ಕೆ ನನ್ನನ್ನೇ ಸಾಕ್ಷಿ ಮಾಡಿದಿರಿ. ಸ್ವಾಮಿ, ಜೋಡೆತ್ತಿನ ಗಾಡಿಗೆ ಒಂದೇ ಎತ್ತು ಹೂಡಿ, ಅದು ಮೊಣಕಾಲೂರಿದರೆ ಬೈಯಬೇಕಾದದ್ದು ಎತ್ತನ್ನೋ, ಹೂಡಿದವನನ್ನೋ? ದುಡಿಯುವವರಿಗೆ ಆಸರೆ ಕೊಡದ ಇಲಾಖೆಗೆ ಅವರ ತಪ್ಪು ಎಣಿಸುವ ಹಕ್ಕು ಎಲ್ಲಿಂದ ಬಂತು?

ನಾನು ಹನುಮಂತದೇವರ ಗುಡಿಯ ಅರ್ಚಕ. ಬೇಡುವುದೇ ನನ್ನ ವೃತ್ತಿ. ದೇವರು ಕೇಳಿದ್ದನ್ನು ಕೊಡದೆ ಸುಮ್ಮನಿದ್ದದ್ದುಂಟು; ಕೇಳಿದ್ದಕ್ಕಾಗಿ ಇದ್ದದ್ದನ್ನು ಕಿತ್ತುಕೊಂಡದ್ದಿಲ್ಲ. ತಮ್ಮನ್ನು ನಂಬಿ ನಾನು ಮೋಸಹೋದೆ.

ಹುಕುಂ ಬಂದ ದಿನ ಜೈತುನ್‌ಬೀ ನಮ್ಮ ಬಾಗಿಲಿಗೆ ಬಂದಳು.

"ಆಚಾರ್ರೇ, ನಿಮ್ಮ ಮನ್ಯಾಗಿನವರಿಗಿ ನಾ ಏನ ಕಮ್ಮಿ ಮಾಡೀನ್ರಿ?"

ಅರ್ಜಿಯಲ್ಲಿ ಬರೆದದ್ದನ್ನೆಲ್ಲ ಹೇಳಿದೆ.

"ಹುಕುಂದಾಗ ನಿಮ್ಮ ಹೆಸರೇ ಅದರೀ" ಎಂದು ಹೊರಟುಹೋದಳು. ಒಳಗಿದ್ದ ನನ್ನ ಹೆಂಡತಿ ಆ ಹೊತ್ತಿನಿಂದ ನನ್ನ ಮುಖ ನೋಡುತ್ತಿಲ್ಲ.

ಆಕೆಯನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಿ, ಜೊತೆಗೆ ಇನ್ನೊಬ್ಬಳನ್ನು ಕೊಡಿ. ಮತ್ತು ನನ್ನ ಅರ್ಜಿಯನ್ನು ಮೊದಲಿನಿಂದ ಕೊನೆಯತನಕ ದವಾಖಾನೆಯ ಅಂಗಳದಲ್ಲಿ, ಆಕೆಯ ಎದುರಿಗೆ, ತಾವೇ ನಿಂತು ಓದಿಸಿ. ನಾನು ಓದಿದರೆ ಆಕೆ ಇನ್ನು ನಂಬುವುದಿಲ್ಲ.

ಇಂತಿ,
ಹೆಂಡತಿಯನ್ನು ಬದುಕಿಸಿದವಳ ಅನ್ನ ಕಸಿದವನೆಂದು ಊರಲ್ಲಿ ಹೆಸರಾದ
ಜಯತೀರ್ಥಾಚಾರ್ಯ
ಸೇಡಂ