ಸುರಪುರದ ಅರ್ಧ ಕಂತು

ಪ್ರೀತಿಯ ಮುನಾವರ,

ನನ್ನ ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೀಯಂತೆ. ಎತ್ತಬೇಡ. ಹಟದಲ್ಲಿ ನಾನೇನು ನಿನಗೆ ಕಮ್ಮಿಯೇ? ಈ ಕಾಗದ ಪೋಸ್ಟಿಗೆ ಹಾಕುತ್ತಿದ್ದೇನೆ. ಕೆಂಭಾವಿಯ ಪೋಸ್ಟಮನ್ ಅಂಗನವಾಡಿಯ ಬಾಗಿಲಿಗೇ ತಂದುಕೊಟ್ಟರೆ ಅಷ್ಟು ಮಕ್ಕಳ ಎದುರಿಗೆ ಟೀಚರಮ್ಮ ಹರಿದುಹಾಕಲಾರಳು ಎಂಬ ಧೈರ್ಯ ನನಗೆ.

ನಮ್ಮ "ಗಾಜಿನ ಗೋದಾಮು" ಮತ್ತೆ ಶುರುವಾಯಿತು ಕಣೆ. ನಾವು ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಾಗ ಟಿವಿಯಲ್ಲಿ ಬರುತ್ತಿದ್ದ, ತಲೆಯೂ ಇಲ್ಲದ ಬುಡವೂ ಇಲ್ಲದ ಅದೇ ಧಾರಾವಾಹಿ. ಹೆಸರಿಲ್ಲದ ಊರು, ಅಲ್ಲೊಂದು ಗೋದಾಮು, ಅದಕ್ಕೊಬ್ಬ ಕಾವಲುಗಾರ. ಒಂದು ಚೀಲ ಬಿಚ್ಚಿದರೆ ಒಳಗೆ ಯಾರದೋ ನೆರಳು, ಇನ್ನೊಂದು ಬಿಚ್ಚಿದರೆ ಮದುವೆಮನೆಯ ಗದ್ದಲ. ಹೊರಗೆ ಒಬ್ಬ ಹೆಂಗಸು ಸದಾ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿರುತ್ತಾಳೆ. ಅರ್ಧಕ್ಕೇ ನಿಂತುಹೋಗಿದ್ದ ಅದನ್ನು ಅದೇ ಡೈರೆಕ್ಟರು ಈಗ ಮೊಬೈಲಿಗೆಂದು ಎಬ್ಬಿಸಿ ಕೂರಿಸಿದ್ದಾರೆ. ಅದು ಎದ್ದದ್ದಕ್ಕೆ ನನ್ನ ತಕರಾರಿಲ್ಲ. ಅದರ ಜೊತೆಗೆ ಎದ್ದು ಕೂತಿರುವ ನಮ್ಮೂರ ಅಭಿಮಾನಿಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಬಾಲರಾಜನೇ ಈ ಸಂಘಕ್ಕೆ ಯಜಮಾನ. ಅವನ ಅಕ್ಕ ಕ್ಲಾಸಿನಲ್ಲಿ ನಮ್ಮ ಜೊತೆ ಗುಂಡಿಯ ಕಾಜಾ ಹೊಲಿಯುತ್ತಿದ್ದಳು, ನೆನಪಿದೆಯಲ್ಲ? ರಿಟೈರಾದ ಲೆಕ್ಚರರ್ ಗುರಪ್ಪನವರು ಸಂಘದ ಪಂಡಿತರು. ಕಾವಲುಗಾರ ಬೀಡಿ ಹಚ್ಚಿದರೂ ಅವರಿಗೆ ಅದರಲ್ಲಿ ದೇಶದ ಭವಿಷ್ಯ ಕಾಣುತ್ತದೆ. ಧಾರಾವಾಹಿ ಮತ್ತೆ ಬರುತ್ತದೆ ಎಂಬ ಸುದ್ದಿ ಬಂದ ಕೂಡಲೇ ಇವರೆಲ್ಲ ಕರಿ ಅಂಗಿ ಹೊಲಿಸಿಕೊಂಡು, ಅದರ ಬೆನ್ನ ಮೇಲೆ ಆ ಹಿಂದಕ್ಕೆ ನಡೆಯುವವಳ ಮಾತು ಅಚ್ಚು ಹಾಕಿಸಿ, ಅದನ್ನು ತೊಟ್ಟು ಫೋಟೋ ತೆಗೆದು ಊರೆಲ್ಲ ಹಂಚಿದ್ದರು. "ನಾ ಹಿಂದಕ್ಕ ಹೊಂಟಿಲ್ಲ, ನೀವೆಲ್ಲ ಮುಂದಕ್ಕ ಹೋಗಿ ನನ್ನ ಬಿಟ್ಟೀರಿ." ಆ ಅಂಗಿ ಹೊಲಿದವಳು ನಾನೇ. ಬಾಲರಾಜನ ಹೊಟ್ಟೆಯ ಸುತ್ತಳತೆ ಹಿಡಿಯಲು ನನ್ನ ಟೇಪು ಸಾಲದಾಯಿತು.

ಮುಂದೆ ಆದದ್ದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ನನ್ನ ಸಿಟ್ಟು ಇಳಿಯಲಿ. ಹೊಸದು ಬರುವ ಮುಂಚೆ ಕಂಪನಿಯವರು ಹಳೆಯ ಕಂತುಗಳನ್ನೆಲ್ಲ ಹಾಕಿದರು. ನೋಡಿದರೆ ಅಂಗಿಯ ಮೇಲಿನ ಆ ಮಾತು ಬರಬೇಕಾದ ಜಾಗದಲ್ಲಿ ಆ ಹೆಂಗಸು ಕಾವಲುಗಾರನ ಮುಂದೆ ನಿಂತು, "ಕೀಲಿಕೈ ಎಲ್ಲಿಟ್ಟಿದ್ದೀರಿ?" ಎಂದು ಕೇಳುತ್ತಾಳೆ. ಅಷ್ಟೇ. ಕೇಳಿ ಹೊರಟುಹೋಗುತ್ತಾಳೆ. ಅಭಿಮಾನಿಗಳು ಮೊದಲು ಕಂಪನಿಯವರು ಕತ್ತರಿ ಹಾಕಿದ್ದಾರೆ ಎಂದರು. ಆಮೇಲೆ ದನಿ ಬದಲಾಯಿಸಿದ್ದಾರೆ ಎಂದರು. ಕೊನೆಗೆ ಈ ಮಾತು ನಮಗೆ ಹೇಳಿದವರು ಯಾರು ಎಂದು ಹುಡುಕುತ್ತ ಹೋಗಿ ನಿನ್ನ ಹತ್ತಿರ ಬಂದು ನಿಂತರು.

ಅವರಿಗೆ ಹೇಳಿದವಳು ನೀನೇ. ಆ ಕಾಲದ ಕರೆಂಟಿನ ಸರದಿ ಈಗಿನವರಿಗೆ ಹೇಳಿದರೆ ನಗುತ್ತಾರೆ. ಭಾನುವಾರ ಸಂಜೆ ಕಂತು ಅರ್ಧವಾಗುವ ಹೊತ್ತಿಗೆ ಶಹಾಪುರದಲ್ಲಿ ಕರೆಂಟ್ ತೆಗೆದು ಸುರಪುರಕ್ಕೆ ಕೊಡುತ್ತಿದ್ದರು. ಮೊದಲರ್ಧ ನಮಗೆ, ಉಳಿದರ್ಧ ಆಗ ಸುರಪುರದಲ್ಲಿದ್ದ ನಿಮಗೆ. ಸೋಮವಾರ ನೀನು ಬಸ್ಸಿಳಿದು ಕ್ಲಾಸಿಗೆ ಬಂದರೆ ಮಷೀನುಗಳೆಲ್ಲ ನಿಲ್ಲುತ್ತಿದ್ದವು. ನೀನು ಹೇಳಿದ್ದನ್ನು ನಾವು ಮನೆಗೆ ಒಯ್ದು ಹೇಳುತ್ತಿದ್ದೆವು, ಮನೆಯವರು ಓಣಿಗೆಲ್ಲ ಹೇಳುತ್ತಿದ್ದರು. ಇಡೀ ಶಹಾಪುರ ಆ ಧಾರಾವಾಹಿಯ ಉಳಿದರ್ಧವನ್ನು ನಿನ್ನ ಬಾಯಿಂದಲೇ ಕೇಳಿದೆ. ಬಾಲರಾಜ ಹಳೆಯದು ಎಂದು ಎದೆ ತಟ್ಟಿಕೊಳ್ಳುತ್ತಾನಲ್ಲ, ಆ ಹಳೆಯದರ ಅರ್ಧವನ್ನು ಅವನು ನೋಡಿಯೇ ಇಲ್ಲ.

ನಿಮ್ಮ ಮನೆಯಲ್ಲಿ ಟಿವಿ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಕಿಟಕಿಯಿಂದ ಎದುರುಮನೆಯ ಬಸವಂತ್ರಾಯರ ಟಿವಿ ನೋಡುತ್ತೇನೆ ಎಂದು ನೀನೇ ಹೇಳಿದ್ದೆ. ಒಂದು ರಮಜಾನಿಗೆ ನಿಮ್ಮ ಮನೆಗೆ ಬಂದಾಗ ಕರೆಂಟ್ ಬಂತು. ಬಂದದ್ದೇ ತಡ, ಪಕ್ಕದ ಹಿಟ್ಟಿನ ಗಿರಣಿ ಶುರುವಾಯಿತು. ಜೋಳದ ಡಬ್ಬಿ ಹಿಡಿದು ಕಾದಿದ್ದವರೆಲ್ಲ ನುಗ್ಗಿದರು. ನಿಮ್ಮಮ್ಮ ಚಮನಬೀ ಹಬ್ಬದ ಶ್ಯಾವಿಗೆ ಸುರಕುಂಬಾ ಬಡಿಸುತ್ತ ನನ್ನ ಪಕ್ಕದಲ್ಲೇ ನಿಂತು ಏನೋ ಹೇಳಿದರೆ ನನಗೊಂದು ಅಕ್ಷರವೂ ಕೇಳಿಸಲಿಲ್ಲ. ಆ ಸದ್ದಿನಲ್ಲಿ ಓಣಿಯಾಚೆಯ ಟಿವಿಯ ಮಾತು ನಿನಗೆ ಹೇಗೆ ಕೇಳಿಸುತ್ತದೆ ಎಂದು ನನಗಾಗ ಹೊಳೆಯಲಿಲ್ಲ. ಸುರಕುಂಬಾ ಸಿಕ್ಕರೆ ನನಗೆ ಬೇರೇನೂ ಹೊಳೆಯುವುದಿಲ್ಲ.

ನಿನಗೆ ಬರೀ ಚಿತ್ರ ಕಾಣುತ್ತಿತ್ತು. ಮಾತೆಲ್ಲ ನಿನ್ನದೇ.

ಇದು ತಿಳಿದ ಮೇಲೆ ಮನುಷ್ಯರಾದವರು ಕೈಮುಗಿಯಬೇಕಿತ್ತು. ಇವರು ಮಾಡಿದ್ದೇನು? ಹಳೇ ಅಭಿಮಾನಿಗಳ ಸನ್ಮಾನ ಎಂದು ಸುಳ್ಳು ಹೇಳಿ ನಿನ್ನನ್ನು ಕೆಂಭಾವಿಯಿಂದ ಕರೆಸಿ, ಹಾಲ್‌ನಲ್ಲಿ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಆ ಕೀಲಿಕೈ ದೃಶ್ಯ ತೋರಿಸಿದರು. ಬಾಲರಾಜ ಮೈಕು ಹಿಡಿದು, "ಹೇಳ್ರಿ ಆಪಾ, ಈ ಮಾತು ಎಲ್ಲಿಂದ ತಂದ್ರಿ? ಇಷ್ಟು ವರ್ಷ ನಮಗೆಲ್ಲ ಟೋಪಿ ಹಾಕೀರಲ್ರಿ!" ಎಂದ. ಹಾಲ್ ಪೂರಾ ನಕ್ಕಿತು. ಗುರಪ್ಪನವರು ನಗು ಸಾಲದೆಂಬಂತೆ, "ಕೃತಿಗೆ ಅಪಚಾರ ಆಗೇದ" ಎಂದು ಸೇರಿಸಿದರು. ನೀನು ಚೀಲ ಎತ್ತಿಕೊಂಡು ಹೋದೆ. ನಾನು ನಿನ್ನ ಹಿಂದೆ ಓಡಿಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ತಿರುಗಿ ಹಾಲಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವರು ಅದನ್ನೂ ವಿಡಿಯೋ ಮಾಡಿಕೊಂಡರು.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ ಕೇಳು. ಹೊಸ ಕಂತು ಬಂದ ದಿನ ಅದೇ ಹಾಲ್‌ನಲ್ಲಿ ದೊಡ್ಡ ಪರದೆ ಕಟ್ಟಿ ನೋಡಿದರು. ಇವರ ಮುಖ ನೋಡಲೆಂದೇ ನಾನೂ ಹೋಗಿದ್ದೆ. ಮೊದಮೊದಲು ಒಂದೇ ಗೊಣಗಾಟ, "ನಾಸ್ ಮಾಡ್ಯಾರಲೇ, ಹಳೇದರ ಖದರೇ ಇಲ್ಲ." ಕೊನೆಗೆ ಆ ಹೆಂಗಸು ಬಂದಳು. ಮುದುಕಿಯಾಗಿದ್ದಾಳೆ, ಇನ್ನೂ ಹಿಂದಕ್ಕೇ ನಡೆಯುತ್ತಿದ್ದಾಳೆ. ಕ್ಯಾಮೆರಾ ಕಡೆ ತಿರುಗಿ, ಇಸ್ತ್ರಿ ಹಾಕಿದ ಕನ್ನಡದಲ್ಲಿ, "ನಾನು ಹಿಂದಕ್ಕೆ ಹೋಗುತ್ತಿಲ್ಲ. ನೀವೆಲ್ಲ ಮುಂದೆ ಹೋಗಿ ನನ್ನನ್ನು ಬಿಟ್ಟಿದ್ದೀರಿ" ಎಂದಳು. ಇವರ ಅಂಗಿಯ ಫೋಟೋ ಎಲ್ಲೆಲ್ಲೋ ತಿರುಗಿ ಡೈರೆಕ್ಟರ ಕಣ್ಣಿಗೂ ಬಿದ್ದಿರಬೇಕು.

ಬಾಲರಾಜ ಅತ್ತ. ನಿಜವಾಗಿ, ಮೂಗು ಒರೆಸಿಕೊಂಡು ಅತ್ತ. ಗುರಪ್ಪನವರು ಎದ್ದು ಆ ಮಾತಿನ ಆಳ ಅಗಲ ಬಣ್ಣಿಸಲು ನಿಂತವರು ಕೂರಲೇ ಇಲ್ಲ. ನಾನು, "ಆ ಮಾತು ನಮ್ಮ ಮುನಾವರಂದು, ಅಕಿನ ಕರೆಸಿ ಮಾಫಿ ಕೇಳ್ರಿ" ಎಂದೆ. ಬಾಲರಾಜ ನನ್ನತ್ತ ತಿರುಗಿ ಏನೆಂದ ಗೊತ್ತೇ? "ಅಕ್ಕಾರ, ಅಕಿ ಹೇಳಿದ್ದು ಸುಳ್ಳರಿ. ಡೈರೆಕ್ಟರ್ ಹೇಳಿದ ಮ್ಯಾಲ ಅದು ಒರಿಜಿನಲ್ ಆತು." ಇಂಥವರಿಗೆ ಅಂಗಿ ಹೊಲಿದುಕೊಟ್ಟ ನನ್ನ ಕೈಗೆ ಬೆಂಕಿ ಹಾಕಬೇಕು.

ಅವರನ್ನು ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆ. ಆದರೆ ಮೊನ್ನೆ ನಿನ್ನ ಮಗಳು ಗುಲಫಶಾ ಫೋನ್ ಮಾಡಿ, "ಖಾಲಾ, ಅಮ್ಮಿ ಈಗ ಅಂಗನವಾಡಿಯೊಳಗ ಕಥಿ ಹೇಳವಲ್ಲಳ್ರಿ. ಬುಕ್ ತಗದು ಇದ್ದಂಗ ಓದಿ ಇಟ್ಟುಬಿಡತಾಳ. ಹುಡುಗರು ಕೇಳಿದ್ರ, ನಾ ಸುಳ್ಳ ಹೇಳಾಕಿ, ನನ್ನ ಕೇಳಬ್ಯಾಡ್ರಿ ಅಂತಾಳ" ಎಂದಳು. ಅದನ್ನು ಕೇಳಿ ಕತ್ತರಿ ಕೆಳಗಿಟ್ಟು, ಅಂಗಡಿ ಮುಚ್ಚಿ ಮನೆಗೆ ಹೋದೆ.

ಹೋಗಿ ಕೀಲಿಕೈಯ ಆ ಹಳೆಯ ಕಂತನ್ನು ಒಬ್ಬಳೇ ಕೂತು ನೋಡಿದೆ. ನೋಡುತ್ತ ಅದು ಬಂದ ವಾರ ಯಾವುದು ಎಂದು ನೆನಪಾಯಿತು, ಮುನಾವರ. ಹುಡುಗಿ ಕಪ್ಪು ಎಂದು ರಾಮಸಮುದ್ರದವರು ನಿಶ್ಚಯವಾಗಿದ್ದ ನನ್ನ ಸಂಬಂಧ ಮುರಿದ ವಾರ ಅದು. ಕ್ಲಾಸಿನ ಹುಡುಗಿಯರು ಒಬ್ಬೊಬ್ಬರಾಗಿ ಗಂಡನ ಮನೆಗೆ ಹೋಗುತ್ತಿದ್ದರು. ಸೋಮವಾರ ನಾನು ಗೋಡೆಗೆ ಮುಖ ಮಾಡಿ ಕೂತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಅವತ್ತು ಕ್ಲಾಸು ಬಿಟ್ಟ ಮೇಲೆ ಮನೆಗೆ ಹೋಗುವ ಮನಸ್ಸಿರಲಿಲ್ಲ ನನಗೆ, ಕೆರೆಯ ದಾರಿ ಹಿಡಿಯಬೇಕು ಎಂದಿದ್ದೆ. ನೀನು ಬಂದು ಎಲ್ಲರ ನಡುವೆ ನಿಂತು, ಆ ಹೆಂಗಸು "ನೀವೆಲ್ಲ ಮುಂದಕ್ಕ ಹೋಗಿ ನನ್ನ ಬಿಟ್ಟೀರಿ" ಎಂದಳು ಎಂದೆ. ಕೇಳಿ ನನಗೆ ಅಳು ಬಂತು, ಅತ್ತೆ, ಅತ್ತು ಮನೆಗೆ ಹೋದೆ. ನನ್ನನ್ನು ಕಂಡೇ ಇರದ ಯಾರೋ ನನ್ನ ಎದೆಯೊಳಗಿನದನ್ನು ಟಿವಿಯಲ್ಲಿ ಹೇಗೆ ಹೇಳಿದರು ಎಂದು ಇಷ್ಟು ವರ್ಷ ಬೆರಗಾಗುತ್ತಿದ್ದೆ.

ಟಿವಿಯವಳು ಕೀಲಿಕೈ ಕೇಳಿದ್ದಳು. ಆ ಮಾತು ನೀನು ನನಗಾಗಿ ಹೇಳಿದ್ದು.

ಈ ಊರಿನ ಕರಿ ಅಂಗಿಯವರೆಲ್ಲ ಸೇರಿ ನಿನ್ನನ್ನು ಸುಳ್ಳಿ ಎನ್ನಲಿ. ಆ ಸುಳ್ಳನ್ನು ಹಿಡಿದುಕೊಂಡು ನಾನು ಬದುಕಿದ್ದೇನೆ, ಅಂಗಡಿ ಇಟ್ಟಿದ್ದೇನೆ, ಇವತ್ತು ಇವರನ್ನೆಲ್ಲ ಬೈಯುವಷ್ಟು ಗಟ್ಟಿಯಾಗಿದ್ದೇನೆ. ನಾಳೆ ಅಂಗನವಾಡಿಗೆ ಹೋದರೆ ಪುಸ್ತಕ ಎತ್ತಿಡು, ಮುನಾವರ. ಗೋಡೆಗೆ ಮುಖ ಮಾಡಿ ಕೂತ ಕೂಸು ಒಂದಾದರೂ ಅಲ್ಲಿ ಇದ್ದೇ ಇರುತ್ತದೆ, ಅದನ್ನು ನೋಡಿ ಬಾಯಿ ತೆರೆ.

ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ನೂರು ಸುಳ್ಳೂ ಚೆನ್ನಾಗಿರಲಿ.

ಶಹಾಪುರದಿಂದ,
ನಿನ್ನ ಚಂದ್ರಕಲಾ