ಅಪ್ಪನ ಅಂಗೈಯ ಅಮೊನೈಟ್

ವಿನೋಬನಗರ, ದಾವಣಗೆರೆ
೧೨ ಆಗಸ್ಟ್ ೨೦೨೪, ಸೋಮವಾರ

ನನ್ನ ಮುದ್ದಿನ ವಾಣಿಗೆ,

ಹೇಗಿದ್ದೀಯಮ್ಮ? ಭುಜ್ ಕಡೆ ಮಳೆ ಹಿಡಿದಿದೆಯಂತೆ, ಟಿವಿಯಲ್ಲಿ ತೋರಿಸಿದರು. ಕೆಮ್ಮು ಕಡಿಮೆಯಾಯಿತೇ? ಆ ಊರಿನ ಸಿಹಿ ಬೇಳೆ ನಿನಗೆ ಒಗ್ಗುವುದಿಲ್ಲ, ಗೊತ್ತು. ನಿಮ್ಮಣ್ಣ ಬಕ್ಕೇಶನ ಕೈಲಿ ಶೇಂಗಾ ಚಟ್ನಿಪುಡಿ ಪಾರ್ಸೆಲ್ ಮಾಡಿಸಿದ್ದೇನೆ. ಎಲ್ಲರಿಗೂ ಹಂಚಿ ಖಾಲಿ ಡಬ್ಬಿ ಇಟ್ಟುಕೊಂಡು ಕೂರಬೇಡ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮಪ್ಪ ನನ್ನ ಪಕ್ಕ ಬಿಟ್ಟು ಏಳುವುದಿಲ್ಲ. ಅವರೆದುರಿಗೇ ಅವರ ಸುದ್ದಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಅವರ ಮರೆವು ಬಹಳ ಹೆಚ್ಚಿದೆ. ಹೋದ ವರ್ಷ ನೀನು ಕಚ್‌ನಿಂದ ತಂದುಕೊಟ್ಟಿದ್ದೆಯಲ್ಲ, ಹಳೆಯ ಕಡಲಪ್ರಾಣಿಯ ಚಿಪ್ಪು ಕಲ್ಲಾಗಿದ್ದು, ಸುರುಳಿ ಸುತ್ತಿದ ಅಮೊನೈಟ್, ಬೆಳಿಗ್ಗೆ ಪೂಜೆಗೆ ಕೂತರೆ ಕೊರಳ ಕರಡಿಗೆಯ ಲಿಂಗ ಬಿಟ್ಟು ಈಗ ಅದನ್ನೇ ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ವಿಭೂತಿ ಹಚ್ಚಿ, ನೀರೆರೆದು, ಪತ್ರೆ ಏರಿಸಿ ಕಣ್ಣು ಮುಚ್ಚುತ್ತಾರೆ. ಮೊದಲ ದಿನ ನಾನು ಹೌಹಾರಿ ಕಿತ್ತುಕೊಳ್ಳಲು ಹೋದೆ. ಮುಷ್ಟಿ ಬಿಗಿದು, “ಮುಟ್ಟಬ್ಯಾಡ, ಇದು ವಾಣಿದು” ಎಂದರು. ಅಂದಿನಿಂದ ಸುಮ್ಮನಿದ್ದೇನೆ. ಹುಟ್ಟಿದಾಗಿನಿಂದ ಲಿಂಗ ಬಿಡದ ಮನುಷ್ಯ, ಶಿವ ಇಷ್ಟು ಮಾಫಿ ಮಾಡಲಾರನೇ?

ಕಚ್‌ನ ಆ ಬೆಂಗಾಡು ಒಂದು ಕಾಲಕ್ಕೆ ಕಡಲಾಗಿತ್ತು, ಬಂಡೆಯ ಪದರ ಪದರಕ್ಕೂ ಬೇರೆ ಜಾತಿಯ ಅಮೊನೈಟ್ ಸಿಗುತ್ತದೆ, ಯಾವುದು ಸಿಕ್ಕಿತೆಂದು ನೋಡಿದರೆ ಆ ಕಡಲು ಯಾವ ಕಾಲದ್ದೆಂದು ತಿಳಿಯುತ್ತದೆ ಎಂದು ನಡುಮನೆಯಲ್ಲಿ ಕೂತು ನೀನು ವಿವರಿಸಿದ್ದೆ. ಅದು ಅವರಿಗೆ ತಿರುವುಮುರುವಾಗಿ ನೆನಪಿದೆ. ಅವರ ತಲೆಯಲ್ಲಿ ಕಡಲು ಇನ್ನೂ ಇಳಿದೇ ಇಲ್ಲ, ನೀನು ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದೀಯ. ದಿನಾ ನೀರು ಇಳಿಯಿತೇ ಎಂದು ಕೇಳುತ್ತಾರೆ. ಹೋದ ವಾರ ಹರಿಹರದಲ್ಲಿ ಚಿಕ್ಕಮ್ಮನ ಮನೆಗೆ ಹೋದವರು ಹೊಳೆ ನೋಡಿ ಬರೋಣವೆಂದು ಸೇತುವೆ ಹತ್ತಿರ ಇಳಿದೆವು. ತುಂಗಭದ್ರೆ ದಂಡೆ ತುಂಬಿ ಹರಿಯುತ್ತಿತ್ತು. ಅದನ್ನು ಕಂಡವರೇ ನೆಲಕ್ಕೆ ಕುಸಿದು ಕೂತರು. “ಇಷ್ಟು ನೀರು ಐತೆ, ಹುಡುಗಿ ಹೆಂಗೆ ದಾಟಿ ಬರ್ತಾಳೆ?” ಎಂದು ಗಳಗಳ ಅತ್ತರು. ಮಂಡಿಯಲ್ಲಿ ಹಮಾಲರೆಲ್ಲ ಇವರ ಒಂದು ಗದರಿಕೆಗೆ ನಡುಗುತ್ತಿದ್ದರು, ನೆನಪಿದೆಯೇ? ಬಕ್ಕೇಶ ಕಾರಿನ ಹಿಂದೆ ಹೋಗಿ ಮುಖ ಒರೆಸಿಕೊಂಡ.

ಆ ಅಮೊನೈಟ್ ಪ್ರಾಣಿ ಬೆಳೆದ ಹಾಗೆ ಚಿಪ್ಪಿನೊಳಗೆ ಹೊಸ ಕೋಣೆ ಕಟ್ಟಿಕೊಂಡು ಮುಂದೆ ಬರುತ್ತದೆ, ಹಳೆಯದಕ್ಕೆ ಗೋಡೆ ಹಾಕಿಬಿಡುತ್ತದೆ, ಹಿಂದಿನ ಕೋಣೆಗೆ ಎಂದೂ ತಿರುಗಿ ಹೋಗುವುದಿಲ್ಲ ಎಂದು ನೀನೇ ಹೇಳಿದ್ದೆ. ನಿಮ್ಮಪ್ಪ ಹಿಂದಕ್ಕೇ ಹೋಗುತ್ತಿದ್ದಾರೆ ಕಣೆ. ಮೊಮ್ಮಕ್ಕಳ ಹೆಸರು ಹೋಯಿತು, ಬಕ್ಕೇಶನ ಮದುವೆ ಹೋಯಿತು. ಒಮ್ಮೊಮ್ಮೆ ನನ್ನನ್ನೇ ತಮ್ಮ ಅವ್ವ ಎಂದುಕೊಂಡು ರೊಟ್ಟಿ ಕೇಳುತ್ತಾರೆ. ಕೊಟ್ಟು, ಅಡುಗೆಮನೆಗೆ ಬಂದು ಅಳುತ್ತೇನೆ. ನೀನೊಬ್ಬಳಾದರೂ ಅವರಲ್ಲಿ ಉಳಿದಿದ್ದೀಯ ಎಂಬ ಧೈರ್ಯಕ್ಕೇ, ದೀಪಾವಳಿಗೆ ಬರುತ್ತೇನೆ ಎಂದು ನೀನು ಅಂದಾಗ ಆಗಲಿ ಎಂದಿದ್ದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಂಡೆ ಹತ್ತುವಾಗ ಹುಷಾರು. ನಮ್ಮಿಬ್ಬರ ಕೈ ನಿನ್ನ ನೆತ್ತಿಯ ಮೇಲಿದೆ ಎಂದೇ ತಿಳಿ.

ನಿನ್ನ ಅಮ್ಮ,
ಉಮಾಮಹೇಶ್ವರಿ

ಬರೆಯಲು ಕೈ ಬಾರದೆ ಉಳಿಸಿಕೊಂಡಿದ್ದು: ಇವತ್ತು ಅವರು ನೀರಿನ ಮಾತೇ ಎತ್ತಲಿಲ್ಲ. ನನಗೇ ತಡೆಯದೆ ನಿನ್ನ ಫೋಟೊ ತಂದು ತೋರಿಸಿದೆ. ಬಹಳ ಹೊತ್ತು ನೋಡಿ, “ಯಾರ ಮಗಳು ಇದು? ಪಾಪ, ಅವರಪ್ಪ ಕಾಯ್ತಿರ್ತಾನೆ, ಮನಿಗೆ ಕಳಿಸಿಬಿಡು” ಅಂದರು. ದೀಪಾವಳಿ ಬೇಡ ವಾಣಿ, ಈಗಲೇ ಹೊರಟು ಬಾ.